ಆ ರಸ್ತೆ ಇನ್ನೊಬ್ಬರ ಅಂಗಳ

ಇವತ್ತು ರಾಜಕೀಯ ಬೇಡ, ಬೈಕ್ ಬಗ್ಗೆ ಮಾತಾಡೋಣ.

ವಾರಾಂತ್ಯ ಬಂತು ಅಂದ್ರೆ ಬೆಂಗಳೂರು, ಹುಬ್ಬಳ್ಳಿ ಕಡೆಯಿಂದ ಬೈಕ್‌ಗಳ ಸಾಲು ಕರಾವಳಿಗೆ ಇಳಿಯುತ್ತೆ. ಹೆದ್ದಾರಿ ಬೋರು, ಊರೊಳಗಿನ ದಾರಿ ಬೇಕು ಅಂತಾರೆ ಹುಡುಗರು. ಅದರಲ್ಲಿ ತಪ್ಪೇನಿಲ್ಲ. ಎಂಜಿನಿಯರಿಂಗ್ ಓದುವಾಗಿನಿಂದ ನನಗೂ ಇದೇ ಹುಚ್ಚು.

ಒಂದು ದಿನದ ದಾರಿ ಹೇಳ್ತೀನಿ ಕೇಳಿ. ಕುಮಟಾದಿಂದ ರಾಷ್ಟ್ರೀಯ ಹೆದ್ದಾರಿ 66 ಹಿಡಿದ್ರೆ ಗೋಕರ್ಣಕ್ಕೆ ಒಂದು ಗಂಟೆಯೂ ಬೇಡ. ಅದನ್ನು ಬಿಡಿ. ಬಾಡ, ಕಾಗಾಲ ದಾಟಿ ಅಘನಾಶಿನಿ ಅನ್ನೋ ಊರಿಗೆ ಹೋಗಿ. ಅಲ್ಲಿಗೆ ರಸ್ತೆ ಮುಗಿಯುತ್ತೆ. ಎದುರಿಗೆ ನದಿ, ಆಚೆ ದಡದಲ್ಲಿ ತದಡಿ. ಬೈಕನ್ನು ದೋಣಿಗೆ ಹತ್ತಿಸಿಯೇ ದಾಟಬೇಕು. ಮಳೆಗಾಲದಲ್ಲಿ ದೋಣಿ ಬಿಡ್ತಾರಾ ಅಂತ ಮೊದಲೇ ಕೇಳಿಕೊಳ್ಳಿ. ಗೋಕರ್ಣ ನೋಡಿ ಮಾದನಗೇರಿ, ಮಿರ್ಜಾನ್ ಕೋಟೆ ಮೇಲೆ ವಾಪಸ್ ಬಂದ್ರೆ ಸಂಜೆಗೆ ಕುಮಟಾ.

ಶಿರಸಿ ಹತ್ತಿರ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ದೊಡ್ಡ ಅಣೆಕಟ್ಟು ಒಂದನ್ನೂ ಕಾಣದೆ ಸಮುದ್ರ ಸೇರುವ ನದಿ ಇದು. ಇದರ ಅಳಿವೆಗೆ 2024ರಲ್ಲಿ ರಾಮ್ಸಾರ್ ಮಾನ್ಯತೆ ಸಿಕ್ಕಿದೆ. ನೀರು ಇಳಿದಾಗ ಜನ ಚಿಪ್ಪಿಕಲ್ಲು ಆರಿಸ್ತಾರೆ. ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಡೆದುಕೊಳ್ಳುವ ಕಗ್ಗ ಭತ್ತ ಬೆಳೀತಾರೆ. ಮೂರು ದಿನದ ರಜೆಯಲ್ಲಿ ನಾವು ನೋಡಿ ಬರುವ ಈ ಚಂದ, ಅಲ್ಲಿನವರಿಗೆ ದಿನದ ದುಡಿಮೆ.

ಈಗ ವಿಷಯಕ್ಕೆ ಬರ್ತೀನಿ. ಅಂಥ ದಾರಿಯಲ್ಲಿ ಮನೆಯ ಮೆಟ್ಟಿಲಿಗೂ ಡಾಂಬರಿಗೂ ಎರಡು ಹೆಜ್ಜೆ. ರಸ್ತೆ ಅಂಚಲ್ಲೇ ಮೀನು ಒಣಗ್ತಿರುತ್ತೆ. ತಿರುವಿನ ಆಚೆ ಹಸು ಮಲಗಿರುತ್ತೆ. ಅಜ್ಜಿ ಒಬ್ಬರು ನಿಧಾನಕ್ಕೆ ದಾಟ್ತಿರ್ತಾರೆ. ಅಲ್ಲಿ 80ರಲ್ಲಿ ಹೋಗೋದು ಧೈರ್ಯನಾ?

ಲೆಕ್ಕ ಹಾಕೋಣ. ಗಂಟೆಗೆ 40 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ 11 ಮೀಟರ್. 80 ಅಂದ್ರೆ 22 ಮೀಟರ್. ಕಣ್ಣು ಕಂಡಿದ್ದು ಕೈಗೆ ತಲುಪಿ ಬ್ರೇಕ್ ಒತ್ತೋಕೆ ಒಂದು ಸೆಕೆಂಡ್ ಹೋಯ್ತು ಅಂತಿಟ್ಟುಕೊಳ್ಳಿ. ಆಮೇಲೆ 40ರಲ್ಲಿ ಬೈಕ್ ನಿಲ್ಲೋಕೆ 10 ಮೀಟರ್ ಬೇಕಾದ್ರೆ, 80ರಲ್ಲಿ 20 ಅಲ್ಲ, 40 ಬೇಕು. ವೇಗ ಎರಡು ಪಟ್ಟಾದ್ರೆ ಶಕ್ತಿ ನಾಲ್ಕು ಪಟ್ಟು. ಒಟ್ಟು ಸೇರಿಸಿ: ಅಲ್ಲಿ 21 ಮೀಟರ್, ಇಲ್ಲಿ 62. ಇದು ಒಣ ರಸ್ತೆಯ ಮಾತು. ತಿರುವಲ್ಲಿ ಮರಳು ಇದ್ರೆ, ಮಳೆ ಬಂದಿದ್ರೆ ಇನ್ನೂ ದೂರ. ಊರಿನ ತಿರುವಲ್ಲಿ 62 ಮೀಟರ್ ಮುಂದೆ ನಿಮಗೆ ಕಾಣುತ್ತಾ?

'ರಸ್ತೆ ಸಾರ್ವಜನಿಕ, ನಾವೂ ತೆರಿಗೆ ಕಟ್ಟಿದ್ದೀವಿ' ಅಂತೀರಿ. ನಿಜ. ಊರಿನ ಹುಡುಗರೂ ಜೋರಾಗೇ ಓಡಿಸ್ತಾರೆ, ಅದೂ ನಿಜ. ಆದ್ರೆ ನಿಮ್ಮ ಮನೆ ಮುಂದೆ, ನಿಮ್ಮ ಮಗು ಆಡುವಾಗ, ಹತ್ತು ಬೈಕ್ ಸೈಲೆನ್ಸರ್ ಕಿತ್ತುಕೊಂಡು ಬಂದ್ರೆ ಈ ತೆರಿಗೆಯ ಮಾತು ಆಡ್ತೀರಾ?

ಆಡಳಿತಕ್ಕೂ ಒಂದು ಮಾತು. ರಸ್ತೆಗೆ ಹೊಸ ಡಾಂಬರು ಹಾಕಿ ಹೋದ್ರೆ ಕೆಲಸ ಮುಗಿಯಲ್ಲ. ನುಣುಪಾದ ರಸ್ತೆ ವೇಗಕ್ಕೆ ಕರೆ ಕೊಡುತ್ತೆ. ತಿರುವಿಗೆ ಫಲಕ, ಹಂಪಿಗೆ ಬಿಳಿ ಬಣ್ಣ, ಶಾಲೆ ಮುಂದೆ ಎಚ್ಚರಿಕೆ, ಇಷ್ಟಾದ್ರೂ ಮಾಡಿ.

ಹೋಗಬೇಡಿ ಅಂತ ನಾನು ಹೇಳ್ತಿಲ್ಲ. ಖಂಡಿತ ಹೋಗಿ. ಐಎಸ್‌ಐ ಗುರುತಿನ ಹೆಲ್ಮೆಟ್ ಹಾಕಿ, ಪಟ್ಟಿ ಬಿಗಿದುಕೊಳ್ಳಿ. ಊರು ಬಂದಾಗ 40ಕ್ಕಿಂತ ಕೆಳಗೆ ಇಳಿಸಿ, ಜನ ಕಂಡ್ರೆ ಇನ್ನೂ ಇಳಿಸಿ. ದಾರಿ ಕೇಳಿ, ಅಲ್ಲೇ ಗೂಡಂಗಡಿಯಲ್ಲಿ ಒಂದು ಚಹಾ ಕುಡೀರಿ. ಹೇಗಿದ್ರೂ ತದಡಿ ದಾಟೋಕೆ ದೋಣಿಗೆ ಕಾಯಲೇಬೇಕು. ಅಷ್ಟು ಅವಸರ ಯಾಕೆ?