ಯಾರ ಮನುಷ್ಯ? – ರಾಜಕಾರಣದಲ್ಲಿ ನಿಂದೆ ಮತ್ತು ಪ್ರಚಾರ
(ಸಾವಳಗಿಯಲ್ಲಿ ಶಿಕ್ಷಕರ ಹಾಗೂ ಗ್ರಾಮಸ್ಥರ ಮುಂದೆ ಮಾಡಿದ ಭಾಷಣ)



ನಿಮ್ಮೂರಿಗೆ ಬಂದು ನಿಮ್ಮೂರಿನ ಗೃಹಸ್ಥರೊಬ್ಬರ ವಿಷಯವಾಗಿ ನಿಮ್ಮೆದುರಿಗೇ ಮಾತನಾಡುವದು ತುಸು ಧಾರ್ಷ್ಟ್ಯದ ಕೆಲಸವೇ ಸರಿ. ಅವರನ್ನು ಕಣ್ಣಾರೆ ಕಂಡ ವೃದ್ಧರು ಈ ಸಭೆಯಲ್ಲಿಯೇ ಇರಬಹುದು. ಆದರೂ ನಾವು ಈ ವಿಷಯವನ್ನೇ ಆರಿಸಿಕೊಂಡೆವು. ಏಕೆಂದರೆ, ಪಕ್ಷದ್ವೇಷದ ಮಾತು ಮತ್ತು ಪಕ್ಷಾಭಿಮಾನದ ಮಾತು ಎರಡೂ ಕೂಡಿ ಒಬ್ಬ ಮನುಷ್ಯನನ್ನು ಹೇಗೆ ಎಳೆದಾಡುವವೆಂಬದನ್ನು ನೋಡಬೇಕಾದರೆ, ಬಸಪ್ಪ ದಾನಪ್ಪ ಜತ್ತಿಯವರ ಚರಿತ್ರೆಯಷ್ಟು ಹತ್ತಿರದ ಉದಾಹರಣೆ ಈ ಭಾಗದವರಿಗೆ ಬೇರೊಂದು ಸಿಕ್ಕದು. ನಾವು ಸ್ತುತಿಪಾಠಕ್ಕೆ ಬಂದವರಲ್ಲವೆಂದು ಮೊದಲೇ ಅರಿಕೆ ಮಾಡಿಕೊಳ್ಳುವೆವು. ಅವರ ಕೀರ್ತಿಯಲ್ಲಿ ನಿಮಗೆ ಪಾಲುಂಟು. ಆ ಪಾಲಿಗೆ ಸ್ವಲ್ಪ ಪೆಟ್ಟು ತಾಗುವ ಮಾತೂ ನಡುವೆ ಬರುವದು. ಸೈರಿಸಬೇಕು.

ನಮ್ಮಲ್ಲಿ ಒಂದು ಗಾದೆಯುಂಟು: ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಚಾವಡಿಯ ಮಾತಿನಲ್ಲಿ ಇದು ನಗೆಯ ವಿಷಯ. ಆದರೆ ಎತ್ತು ಈಯಿತೆಂದು ಹೇಳುವವನಿಗೆ ಸಂಬಳ ಕೊಟ್ಟು ಇಟ್ಟುಕೊಂಡಾಗ, ಆ ಮಾತನ್ನು ಊರೂರಿಗೆ ಮುಟ್ಟಿಸುವ ಸಾಧನವೂ ಅವನ ಕೈಯಲ್ಲಿದ್ದಾಗ, ಅದಕ್ಕೆ ಪ್ರಚಾರವೆಂಬ ಗೌರವದ ಹೆಸರು ಬರುವದು. ಪ್ರಚಾರಕನು ಎಲ್ಲ ಕಾಲದಲ್ಲಿಯೂ ಸುಳ್ಳನ್ನೇ ಹೇಳುವನೆಂದು ತಿಳಿಯಬಾರದು. ಚತುರನಾದವನು ನಿಜವನ್ನೇ ಹೇಳುವನು, ಅರ್ಧ ಹೇಳುವನು. ಕೆಲಸವು ಸರಿಯೋ ತಪ್ಪೋ ಎಂಬ ಪ್ರಶ್ನೆಯನ್ನು ಬದಿಗೆ ಸರಿಸಿ, ಮಾಡಿದವನು ಯಾರ ಮನುಷ್ಯ ಎಂಬ ಪ್ರಶ್ನೆಯನ್ನು ಜನರ ಬಾಯಿಗೆ ಹಾಕುವನು. ಒಮ್ಮೆ ಆ ಪ್ರಶ್ನೆ ನಾಲಿಗೆಗೆ ಹತ್ತಿತೆಂದರೆ ಮುಂದೆ ವಿಚಾರವೇ ಬೇಡವಾಗುವದು.

ಈ ಪ್ರಶ್ನೆ ನಮ್ಮ ಕನ್ನಡಿಗರಿಗೆ ಹೊಸದಲ್ಲ. ಕನ್ನಡ ನಾಡು ಇಪ್ಪತ್ತರಷ್ಟು ಆಳಿಕೆಗಳಲ್ಲಿ ಹರಿದು ಹಂಚಿಹೋಗಿದ್ದ ಕಾಲದಲ್ಲಿ ಪ್ರತಿಯೊಬ್ಬನೂ ಯಾರದೋ ಮನುಷ್ಯನಾಗಿರಬೇಕಾಗಿತ್ತು. ಈ ಸೀಮೆಯನ್ನೇ ನೋಡಿರಿ. ಜಮಖಂಡಿಯು ಪಟವರ್ಧನರದು, ಮುಧೋಳವು ಘೋರ್ಪಡೆಯವರದು, ರಬಕವಿ, ತೇರದಾಳಗಳು ಸಾಂಗಲಿಗೆ ಸೇರಿದ್ದವು, ಬೀಳಗಿಯು ಮುಂಬಯಿ ಇಲಾಖೆಯ ವಿಜಾಪುರ ಜಿಲ್ಹೆಯಲ್ಲಿತ್ತು. ಜಮಖಂಡಿ ಸಂಸ್ಥಾನದ್ದೇ ಒಂದು ತುಂಡಾದ ಕುಂದಗೋಳವು ಅಲ್ಲೆಲ್ಲಿಯೋ ಹುಬ್ಬಳ್ಳಿಯ ಮಗ್ಗುಲಲ್ಲಿತ್ತು. ಇಂಥ ಸಾವಳಗಿಯಲ್ಲಿ 1912ರ ಸಪ್ಟಂಬರ 10ರಂದು ಜತ್ತಿಯವರು ಹುಟ್ಟಿದರು. ಕೊಲ್ಲಾಪುರದಲ್ಲಿ ಕಲಿತು ವಕೀಲರಾದರು. ಜಮಖಂಡಿಯ ಪುರಸಭೆಯ ಸದಸ್ಯರಾಗಿ, ಅದರ ಅಧ್ಯಕ್ಷರಾಗಿ, ಸಂಸ್ಥಾನದ ಮಂತ್ರಿಗಳಾಗಿ, ಕಡೆಗೆ ಮುಖ್ಯಮಂತ್ರಿಗಳೂ ಆದರು. 1948ರ ಮಾರ್ಚ 8ರಂದು ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾದಾಗ, ಕುರ್ಚಿಯನ್ನು ಬಿಟ್ಟು ಮತ್ತೆ ವಕೀಲಿಗೆ ಕುಳಿತರು. ಮುಂದೆ ಮುಂಬಯಿಯ ವಿಧಾನಸಭೆ, ಖೇರರ ಕಾಲದ ಪಾರ್ಲಿಮೆಂಟರಿ ಕಾರ್ಯದರ್ಶಿತನ, 1952ರ ತರುವಾಯ ಉಪಮಂತ್ರಿಪದವಿ, ಹೀಗೆ ಏರಿದರು.

ಏಕೀಕರಣದ ವಾದವಿವಾದಗಳಲ್ಲಿ ಎರಡೂ ಕಡೆಯವರು ಎಂಥ ಮಾತುಗಳನ್ನು ತೂರಿದರೆಂಬದನ್ನು ಈಗ ನೆನೆದರೆ ನಾಚಿಕೆಯಾಗುವದು. ಬಡ ಉತ್ತರದ ಜಿಲ್ಹೆಗಳು ಬಂದು ಸೇರಿದರೆ ಮೈಸೂರಿನ ಬೊಕ್ಕಸ ಬರಿದಾಗುವದೆಂದು ಅಲ್ಲಿ ಕೆಲವರೆಂದರು. ಒಂದು ಜಾತಿಯ ಆಳಿಕೆ ಬರುವದೆಂದು ಪಿಸುಗುಟ್ಟಿದರು. ಕರ್ನಾಟಕವು ಒಂದಾಗಬೇಕೆಂಬ ಪ್ರಶ್ನೆಯು ಯಾವ ಜಾತಿಯ ಮುಖ್ಯಮಂತ್ರಿ ಬರುವನೆಂಬ ಪ್ರಶ್ನೆಯಾಗಿ ಕುಗ್ಗಿತು. ಮೈಸೂರಿನಲ್ಲಿದ್ದುಕೊಂಡೇ ಏಕೀಕರಣವನ್ನು ಬೆಂಬಲಿಸಿದ ಕೆಂಗಲ್ ಹನುಮಂತಯ್ಯನವರು ಸ್ವಜನರಿಂದಲೇ ಬೈಗುಳವನ್ನುಂಡರು; 1956ರ ನವಂಬರ 1ರ ಮಂಗಲದಿನ ಬರುವ ಮೊದಲೇ ಅಧಿಕಾರ ಅವರ ಕೈಬಿಟ್ಟಿತ್ತು. ನಾವು ಉತ್ತರದವರಾದರೂ ಶುದ್ಧರೆನ್ನುವಂತಿಲ್ಲ. ಮೈಸೂರಿನವರೆಲ್ಲರೂ ಸ್ವಾರ್ಥಿಗಳೆಂಬ ಮಾತು ಇಲ್ಲಿಯ ಕಟ್ಟೆಗಳ ಮೇಲೆ ನಾಣ್ಯದಂತೆ ನಡೆಯಿತು.

ಈ ಅರ್ಧನಿಜದ ರೋಗ ನಮ್ಮಂಥ ಪತ್ರದವರನ್ನೂ ಬಿಟ್ಟಿಲ್ಲ. ಮಹಾಜನ ಆಯೋಗವು 1967ರಲ್ಲಿ ವರದಿಯನ್ನು ಕೊಟ್ಟಿತು. ಬೆಳಗಾವಿಯು ನಮ್ಮಲ್ಲಿಯೇ ಉಳಿಯಬೇಕೆಂದಿತು. ಜತ್ತ, ಅಕ್ಕಲಕೋಟೆಗಳು ನಮ್ಮ ಕಡೆಗೆ ಬರಬೇಕೆಂದಿತು. ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡು ಕನ್ನಡ ನಾಡಿಗೆಂದಿತು. ಇದನ್ನು ನಾವು ನೂರು ಸಲ ಬರೆದೆವು. ಅದೇ ವರದಿಯು ನಿಪ್ಪಾಣಿ, ಖಾನಾಪುರ, ನಂದಗಡಗಳೂ ಸೇರಿದಂತೆ 264 ಹಳ್ಳಿಗಳನ್ನು ಮಹಾರಾಷ್ಟ್ರಕ್ಕೆ ಕೊಡಬೇಕೆಂದದ್ದನ್ನು ನಾವು ಎಷ್ಟು ಸಲ ಬರೆದೆವು? ಅತ್ತ ಮಹಾರಾಷ್ಟ್ರದವರು ತಮ್ಮ ಒತ್ತಾಯದಿಂದಲೇ ನೇಮಕವಾದ ಆಯೋಗದ ತೀರ್ಪನ್ನು ತಮಗೆ ಒಗ್ಗದೆಂದು ತಳ್ಳಿಹಾಕಿದರು. ಆಯೋಗವನ್ನು ಬೇಡಿದವರು ತಾವೆಂಬದನ್ನು ಮರೆತರು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಎದುರಿನವನ ಎಲೆಯ ನೊಣವನ್ನು ತೋರಿಸುವ ಈ ಪಂಕ್ತಿಭೋಜನ ಇನ್ನೂ ನಡೆದೇ ಇದೆ.

ಮರಳಿ ಜತ್ತಿಯವರ ಕಡೆಗೆ ಬರುವೆವು. 1958ರಲ್ಲಿ ನಿಜಲಿಂಗಪ್ಪನವರು ಇಳಿದಾಗ ಇವರು ಮುಖ್ಯಮಂತ್ರಿಗಳಾದರು. 1962ರ ವರೆಗೆ ಇದ್ದರು. ಮುಂಬಯಿ ಕರ್ನಾಟಕದ ಮನುಷ್ಯನೊಬ್ಬನು ಬೆಂಗಳೂರಿನ ಆ ಪೀಠದಲ್ಲಿ ಕುಳಿತದ್ದು ಅದೇ ಮೊದಲು. ಅವರ ಅಧ್ಯಕ್ಷತೆಯ ಸಮಿತಿಯ ಶಿಫಾರಸುಗಳೇ 1961ರ ಭೂಸುಧಾರಣೆಯ ಕಾಯಿದೆಗೆ ತಳಹದಿಯಾದವು. ಆ ಕಾಯಿದೆ ಜಾರಿಗೆ ಬರಲಿಕ್ಕೆ 1965 ಹಿಡಿಯಿತು. ಇದರ ಗುಣದೋಷಗಳು ಬೇರೊಂದು ಭಾಷಣದ ವಿಷಯ.

ಇನ್ನು ಪೆಟ್ಟಿನ ಮಾತು. 1972ರಲ್ಲಿ ಜತ್ತಿಯವರು ಒರಿಸ್ಸಾ ಪ್ರಾಂತದ ರಾಜ್ಯಪಾಲರಾದರು. 1973ರ ಮಾರ್ಚ ಮೊದಲಲ್ಲಿ ಕಾಂಗ್ರೆಸ್ಸಿನ ಮುಖ್ಯಮಂತ್ರಿಣಿ ನಂದಿನಿ ಸತ್ಪಥಿಯವರು ಬಹುಮತ ಜಾರುತ್ತಲೇ ರಾಜೀನಾಮೆ ಕೊಟ್ಟರು. ವಿರೋಧಪಕ್ಷದ ಮುಖಂಡರಾದ ಬಿಜು ಪಟ್ನಾಯಕರು ತಮಗೆ ಬಹುಮತವಿದೆ, ತಮ್ಮನ್ನು ಕರೆಯಬೇಕು ಎಂದರು. ರಾಜ್ಯಪಾಲರು ಅವರನ್ನು ಕರೆಯಲಿಲ್ಲ. ರಾಷ್ಟ್ರಪತಿ ಆಳಿಕೆ ಬರಲೆಂದು ದಿಲ್ಲಿಗೆ ಬರೆದರು. ಅದು ಬಂದೇಬಿಟ್ಟಿತು. ಮಾತು ಒರಿಸ್ಸಾದ ಉಚ್ಚ ನ್ಯಾಯಾಲಯದ ವರೆಗೆ ಹೋಯಿತು. ರೂಢಿಯಂತೆ ವಿರೋಧಪಕ್ಷದ ಮುಖಂಡರಿಗೆ ಅವಕಾಶ ಕೊಡಬೇಕಾಗಿತ್ತೆಂಬ ಅಭಿಪ್ರಾಯ ಅಲ್ಲಿಂದ ಬಂದಿತಾದರೂ ಅರ್ಜಿಯು ಗೆಲ್ಲಲಿಲ್ಲ. ಈ ಪ್ರಕರಣದಲ್ಲಿ ನಮ್ಮ ಮನಸ್ಸು ಬಿಜು ಪಟ್ನಾಯಕರ ಕಡೆಗಿದೆ. ಬಹುಮತವಿದೆ ಎನ್ನುವವನನ್ನು ಸಭೆಯಲ್ಲಿ ನಿಲ್ಲಿಸಿ ಎಣಿಸಿ ನೋಡುವದೇ ನ್ಯಾಯವಾಗಿತ್ತು. ಸಾವಳಗಿಯವರು ಮಾಡಿದರೆಂಬ ಮಾತ್ರಕ್ಕೆ ಅದು ಸರಿಯಾಗಲಾರದು.

ಮುಂದಿನ ವರುಷ ಜತ್ತಿಯವರು ಉಪರಾಷ್ಟ್ರಪತಿಗಳಾದರು. 1977ರ ಫೆಬ್ರುವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ ಅಲಿ ಅಹಮದರು ತೀರಿಕೊಂಡದ್ದರಿಂದ ಹಂಗಾಮಿ ರಾಷ್ಟ್ರಪತಿಯ ಭಾರ ಇವರ ಮೇಲೆ ಬಿದ್ದಿತು. ಮಾರ್ಚದ ಚುನಾವಣೆಯಲ್ಲಿ ಉತ್ತರ ಹಿಂದುಸ್ಥಾನವೆಲ್ಲ ಕಾಂಗ್ರೆಸ್ಸಿನ ಮೇಲೆ ಮುಗಿಬಿದ್ದಿತು. ಉತ್ತರ ಪ್ರದೇಶದ 85 ಸ್ಥಾನಗಳಲ್ಲಿ ಒಂದೂ ಇಲ್ಲ, ಬಿಹಾರದ 54ರಲ್ಲಿ ಒಂದೂ ಇಲ್ಲ. ನಮ್ಮ ಕರ್ನಾಟಕದಲ್ಲಿಯೋ 28ರಲ್ಲಿ 26 ಕಾಂಗ್ರೆಸ್ಸಿಗೇ! ಒಂದೇ ದೇಶ, ಎರಡು ತೀರ್ಪು. ಮೊರಾರಜಿ ದೇಸಾಯಿಯವರ ಜನತಾ ಸರಕಾರ ಬಂದ ತಿಂಗಳೊಳಗೆ, ಏಪ್ರಿಲ 18ರಂದು, ಗೃಹಮಂತ್ರಿ ಚರಣಸಿಂಗರು ಕಾಂಗ್ರೆಸ್ಸಿನ ಆಳಿಕೆಯ ಒಂಬತ್ತು ರಾಜ್ಯಗಳಿಗೆ ಪತ್ರವನ್ನು ಬರೆದರು: ನಿಮ್ಮ ವಿಧಾನಸಭೆಗಳನ್ನು ವಿಸರ್ಜಿಸಿ ಜನರೆದುರಿಗೆ ಹೋಗಿರಿ. ಬಿಹಾರ, ಹರಿಯಾಣಾ, ಹಿಮಾಚಲ, ಮಧ್ಯಪ್ರದೇಶ, ಒರಿಸ್ಸಾ, ಪಂಜಾಬ, ರಾಜಸ್ಥಾನ, ಉತ್ತರ ಪ್ರದೇಶ, ಪಶ್ಚಿಮ ಬಂಗಾಲ, ಇವೇ ಆ ಒಂಬತ್ತು.

ಇಲ್ಲಿ ಎರಡೂ ಕಡೆಯ ವಾದವನ್ನು ತಾಳ್ಮೆಯಿಂದ ಕೇಳಬೇಕು. ಜನತಾ ಪಕ್ಷದವರ ಮಾತಿನಲ್ಲಿ ತೂಕವಿತ್ತು. ಆ ಒಂಬತ್ತರಲ್ಲಿ ಏಳು ವಿಧಾನಸಭೆಗಳು 1972ರಲ್ಲಿ ಆರಿಸಿ ಬಂದವು. ಐದು ವರುಷದ ಗಡುವು ಮುಗಿದಿದ್ದಿತು. ತುರ್ತು ಪರಿಸ್ಥಿತಿಯಲ್ಲಿ ಪ್ರತಿಪಕ್ಷದ ಮುಖಂಡರು ಸೆರೆಯಲ್ಲಿದ್ದಾಗ ಆದ ಸಂವಿಧಾನದ 42ನೆಯ ತಿದ್ದುಪಡಿಯಿಂದ ಅವುಗಳ ಆಯುಷ್ಯ ಒಂದು ವರುಷ ಬೆಳೆದಿದ್ದಿತು. ಕಾಂಗ್ರೆಸ್ಸಿನವರ ಮಾತಿನಲ್ಲಿಯೂ ತೂಕವಿತ್ತು. ದಿಲ್ಲಿಯ ಚುನಾವಣೆ ಬೇರೆ, ರಾಜ್ಯದ ಚುನಾವಣೆ ಬೇರೆ. ಅಲ್ಲಿ ಸೋತವರನ್ನು ಇಲ್ಲಿಯೂ ಓಡಿಸುವದಾದರೆ ರಾಜ್ಯಗಳಿಗೆ ಸ್ವಂತ ಬದುಕೇ ಇಲ್ಲದಾಯಿತಲ್ಲ! ಉತ್ತರ ಪ್ರದೇಶ, ಒರಿಸ್ಸಾಗಳ ಸಭೆಗಳಂತೂ 1974ರಲ್ಲಿ ಆರಿಸಿ ಬಂದವುಗಳು. ಗಡುವಿನ ವಾದ ಅವುಗಳಿಗೆ ಹತ್ತುವಂತಿರಲಿಲ್ಲ. ಯಾರೂ ಗಟ್ಟಿಯಾಗಿ ಆಡಲೊಲ್ಲದ ಇನ್ನೊಂದು ಮಾತೂ ಇತ್ತು. ಹೊಸ ರಾಷ್ಟ್ರಪತಿಯನ್ನು ಆರಿಸುವ ದಿನ ಹತ್ತಿರ ಬಂದಿದ್ದಿತು. ಆರಿಸುವವರಲ್ಲಿ ರಾಜ್ಯಗಳ ಶಾಸಕರೂ ಸೇರಿದ್ದಾರೆ. ಒಂಬತ್ತು ವಿಧಾನಸಭೆಗಳು ಯಾರ ಕೈಯಲ್ಲಿರುವವೆಂಬದು ಬರಿಯ ತತ್ತ್ವದ ಪ್ರಶ್ನೆಯಾಗಿರಲಿಲ್ಲ.

ಆರು ರಾಜ್ಯಗಳು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದವು. ಏಳು ನ್ಯಾಯಾಧೀಶರ ಪೀಠವು ಏಪ್ರಿಲ 29ರಂದು ಅವುಗಳ ದಾವೆಯನ್ನು ತಳ್ಳಿಹಾಕಿತು. ಸಂಪುಟವು ವಿಸರ್ಜನೆಯ ಆಜ್ಞೆಗಳನ್ನು ಜತ್ತಿಯವರ ಸಹಿಗೆ ಕಳಿಸಿತು. ಅವರು ಕೂಡಲೆ ಸಹಿ ಮಾಡಲಿಲ್ಲ; ವಿಚಾರಕ್ಕೆ ಸಮಯ ಬೇಕೆಂದರು. ಮರುದಿನ, ಏಪ್ರಿಲ 30ರಂದು, ಸಹಿ ಮಾಡಿದರು. ರಾಷ್ಟ್ರಪತಿಯ ಕೃತಿಯು ಕಾಯಿದೆಗೆ ಸರಿಯಾಗಿದ್ದರೆ ಸಾಲದು, ನೋಡುವವರ ಕಣ್ಣಿಗೂ ಯೋಗ್ಯವಾಗಿ ಕಾಣಬೇಕು ಎಂಬದು ಅವರ ವಾದವಾಗಿತ್ತು.

ಒಂದು ದಿನದ ತಡ. ಅಷ್ಟಕ್ಕೇ ಎಂಥ ಗದ್ದಲ! ಇಂದಿರಾ ಗಾಂಧಿಯವರ ಮನುಷ್ಯ, ಸೋತ ಪಕ್ಷದ ಕೈಗೊಂಬೆ, ಎಂದು ಒಂದು ಗುಂಪು ಹೇಳಿತು. ಸಂವಿಧಾನದ ಕಾವಲುಗಾರ, ರಾಜ್ಯಗಳ ರಕ್ಷಕ, ಎಂದು ಇನ್ನೊಂದು. ಮೊದಲನೆಯವರು 1973ರ ಒರಿಸ್ಸಾವನ್ನು ಎತ್ತಿ ತೋರಿಸಬಹುದಾಗಿತ್ತು. ಎರಡನೆಯವರಿಗೆ ಒರಿಸ್ಸಾದ ನೆನಪೇ ಬೇಡವಾಗಿತ್ತು, ಏಕೆಂದರೆ ಅಲ್ಲಿ ರಾಜ್ಯದ ಬಹುಮತವನ್ನು ಬದಿಗೊತ್ತಿದಾಗ ಲಾಭ ಅವರದೇ. ಕಾಯಿದೆಯಲ್ಲಿ ಏನಿದೆ ಎಂದು ನೋಡಿದವರು ಎಷ್ಟು ಜನ? ಮಂತ್ರಿಮಂಡಲದ ಸಲಹೆಯಂತೆಯೇ ರಾಷ್ಟ್ರಪತಿಯು ನಡೆಯತಕ್ಕದ್ದೆಂದು ಅದೇ 42ನೆಯ ತಿದ್ದುಪಡಿ ಬಿಗಿಯಾಗಿ ಕಟ್ಟಿದ್ದಿತು. ಸಲಹೆಯನ್ನು ಹಿಂದಕ್ಕೆ ಕಳಿಸುವ ದಾರಿಯನ್ನೇ ಇಟ್ಟಿರಲಿಲ್ಲ. ತಿದ್ದುಪಡಿಯನ್ನು ಮಾಡಿದವರು ಕಾಂಗ್ರೆಸ್ಸಿನವರು! ತಾವು ಹೊಸೆದ ಹಗ್ಗ ತಮ್ಮ ಮನುಷ್ಯನ ಕೈಯನ್ನೇ ಕಟ್ಟಿದಾಗ ಅವರಿಗೆ ನೋವಾಯಿತು. ಆ ಹಗ್ಗವನ್ನು ಬಯ್ಯುತ್ತ ಅಧಿಕಾರಕ್ಕೆ ಬಂದ ಜನತಾ ಪಕ್ಷದವರು, ತಮ್ಮ ಕೆಲಸಕ್ಕೆ ಬಂದ ಆ ದಿವಸ ಅದನ್ನೇ ಬಿಗಿಯಾಗಿ ಹಿಡಿದರು. ಇಷ್ಟು ಮೋಜಿನ ಪ್ರಸಂಗವನ್ನು ನಾಟಕದವರು ಕೂಡ ಕಟ್ಟಲಾರರು.

ನಮ್ಮ ಅಭಿಪ್ರಾಯವನ್ನು ಕೇಳುವಿರಾದರೆ: ಜತ್ತಿಯವರ ಮನಸ್ಸಿನೊಳಗೆ ಪಕ್ಷಾಭಿಮಾನ ಎಷ್ಟಿತ್ತು, ಕರ್ತವ್ಯಬುದ್ಧಿ ಎಷ್ಟಿತ್ತು ಎಂಬದನ್ನು ತೂಗುವ ತಕ್ಕಡಿ ನಮ್ಮಲ್ಲಿಲ್ಲ. ಅವರು ಕೇಳಿದ ಕಾಲಾವಕಾಶ ಮಾತ್ರ ಯೋಗ್ಯವಾಗಿತ್ತು. ಒಂಬತ್ತು ಸರಕಾರಗಳನ್ನು ಒಂದೇ ಹೊತ್ತಿಗೆ ಬೀಳಿಸುವ ಕಾಗದದ ಮೇಲೆ ಒಂದು ರಾತ್ರಿ ಕಳೆದವನನ್ನು ದ್ರೋಹಿಯೆನ್ನಲಿಕ್ಕೆ ನಮ್ಮ ಬಾಯಿ ಬಾರದು.

ಮುಂದೆ ನಡೆದದ್ದನ್ನು ಕೇಳಿರಿ. ಅದೇ 1977ರಲ್ಲಿ ದಿಲ್ಲಿಯವರು ನಮ್ಮ ದೇವರಾಜ ಅರಸರ ಮೇಲಿನ ಆರೋಪಗಳಿಗೆ ಗ್ರೋವರ ಆಯೋಗವನ್ನು ನೇಮಿಸಿದರು. ಡಿಸೆಂಬರ 31ರಂದು ಅವರ ಸರಕಾರವನ್ನೂ ತೆಗೆದರು. ಎರಡು ತಿಂಗಳಲ್ಲಿ ಚುನಾವಣೆಯಾಗಿ ಅರಸರೇ ಮರಳಿ ಬಂದರು. 1980ರಲ್ಲಿ ಇಂದಿರಾ ಗಾಂಧಿಯವರು ಗೆದ್ದು ಬಂದು ತಾವೂ ಒಂಬತ್ತು ವಿಧಾನಸಭೆಗಳನ್ನು ವಿಸರ್ಜಿಸಿದರು. 1977ರಲ್ಲಿ ಅನ್ಯಾಯವೆಂದವರಿಗೆ ಅದು ನ್ಯಾಯವಾಗಿ ಕಂಡಿತು, ನ್ಯಾಯವೆಂದವರಿಗೆ ಅನ್ಯಾಯವಾಗಿ ಕಂಡಿತು. ವಾದದ ಮಾತುಗಳನ್ನು ಸಹ ಬದಲಿಸಬೇಕಾಗಲಿಲ್ಲ. ಹೇಳುವ ಬಾಯಿಗಳು ಮಾತ್ರ ಅದಲುಬದಲಾದವು. 1989ರ ಏಪ್ರಿಲದಲ್ಲಿ ನಮ್ಮ ಎಸ್. ಆರ್. ಬೊಮ್ಮಾಯಿಯವರ ಸರಕಾರವನ್ನು, ಸಭೆಯಲ್ಲಿ ಬಹುಮತವನ್ನು ತೋರಿಸುವೆನೆಂದರೂ ಕೇಳದೆ, ಕಿತ್ತುಹಾಕಿದರು. ಬೊಮ್ಮಾಯಿಯವರು ಸುಮ್ಮನೆ ಕೂಡ್ರಲಿಲ್ಲ. 1994ರ ಮಾರ್ಚ 11ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರು ಅವರ ಪ್ರಕರಣದಲ್ಲಿ ತೀರ್ಪಿತ್ತರು: ಬಹುಮತವನ್ನು ಸದನದಲ್ಲಿಯೇ ಪರೀಕ್ಷಿಸಬೇಕು, ಇಂಥ ಘೋಷಣೆಯನ್ನು ನ್ಯಾಯಾಲಯವು ಪರಿಶೀಲಿಸಬಹುದು, ಸಂಸತ್ತು ಒಪ್ಪುವ ಮೊದಲು ವಿಧಾನಸಭೆಯನ್ನು ವಿಸರ್ಜಿಸಕೂಡದು. 1973ರಲ್ಲಿ ಬಿಜು ಪಟ್ನಾಯಕರಿಗೆ ಸಿಗದ ನ್ಯಾಯದ ದಾರಿಯು ಒಬ್ಬ ಕನ್ನಡಿಗನ ಹಟದಿಂದ ಇಡೀ ದೇಶಕ್ಕೆ ತೆರೆಯಿತು.

ಹಗ್ಗವೂ ಸ್ವಲ್ಪ ಸಡಿಲಾಯಿತು. 1978ರ 44ನೆಯ ತಿದ್ದುಪಡಿಯಿಂದ ವಿಧಾನಸಭೆಯ ಅವಧಿ ಮತ್ತೆ ಐದು ವರುಷಕ್ಕೆ ಇಳಿಯಿತು. ಮಂತ್ರಿಮಂಡಲದ ಸಲಹೆಯನ್ನು ಒಮ್ಮೆ ಮರುವಿಚಾರಕ್ಕೆ ಹಿಂದಿರುಗಿಸುವ ಅಧಿಕಾರ ರಾಷ್ಟ್ರಪತಿಗೆ ಬಂದಿತು. 1997ರಲ್ಲಿ ಉತ್ತರ ಪ್ರದೇಶದ ಸರಕಾರವನ್ನು ತೆಗೆಯುವ ಸಲಹೆ ಬಂದಾಗ ರಾಷ್ಟ್ರಪತಿ ಕೆ. ಆರ್. ನಾರಾಯಣನ್ನರು ಆ ಅಧಿಕಾರವನ್ನು ಬಳಸಿ ಕಾಗದವನ್ನು ಮರಳಿ ಕಳಿಸಿದರು. ಸಂಪುಟವು ಅದನ್ನು ಅಲ್ಲಿಗೇ ಬಿಟ್ಟಿತು. ಮರುವರುಷ ಬಿಹಾರದ ವಿಷಯದಲ್ಲಿಯೂ ಹಾಗೆಯೇ ಮಾಡಿದರು. ದೇಶವು ಅವರನ್ನು ಹೊಗಳಿತು. ಇಪ್ಪತ್ತು ವರುಷಗಳ ಹಿಂದೆ ನಿಮ್ಮೂರಿನವರು ಬೇಡಿದ್ದು ಅದಕ್ಕಿಂತ ಹೆಚ್ಚೇನೂ ಅಲ್ಲ.

ಶಿಕ್ಷಕ ಬಂಧುಗಳಲ್ಲಿ ಒಂದು ಬೇಡಿಕೆ. ಜತ್ತಿಯವರ ವಿಷಯವಾಗಿ ಮಕ್ಕಳಿಗೆ ಹೇಳುವಾಗ ಸಾವಳಗಿಯಿಂದ ರಾಷ್ಟ್ರಪತಿಭವನದ ವರೆಗೆ ಎಂದು ಹೇಳಿ ನಿಲ್ಲಿಸಬೇಡಿರಿ. ದೊಡ್ಡ ತರಗತಿಯ ಹುಡುಗರೆದುರಿಗೆ 1973ರ ಒರಿಸ್ಸಾವನ್ನೂ 1977ರ ಏಪ್ರಿಲವನ್ನೂ ಜೋಡಿಯಾಗಿ ಇಡಿರಿ. ಮೊದಲು ಪಕ್ಷಗಳ ಹೆಸರುಗಳನ್ನು ಮುಚ್ಚಿಟ್ಟು, ಯಾವುದು ಸರಿ, ಯಾವುದು ತಪ್ಪು ಎಂದು ಕೇಳಿರಿ. ಅವರ ಉತ್ತರವನ್ನು ಹಲಗೆಯ ಮೇಲೆ ಬರೆಯಿರಿ. ಆಮೇಲೆ ಹೆಸರುಗಳನ್ನು ಹೇಳಿ, ಯಾರ ಉತ್ತರ ಬದಲಾಯಿತೆಂದು ನೋಡಿರಿ. ಮನೆಗೆ ಹೋದ ಮೇಲೆ ದೊಡ್ಡವರ ಮೇಲೆಯೂ ಇದೇ ಪ್ರಯೋಗ ಮಾಡಿರೆಂದು ಹುಡುಗರಿಗೆ ಹೇಳಿದರೆ ಕೆಲವರಿಗೆ ಸಿಟ್ಟು ಬಂದೀತು. ಬರಲಿ.

 ಒರಿಸ್ಸಾದ ವಿಷಯದಲ್ಲಿ ನಮ್ಮ ಮಾತು ತಪ್ಪೆಂದು ತೋರಿದವರು ಈಗಲೇ ಎದ್ದು ನಿಂತು ಹೇಳಬೇಕು. ಉತ್ತರ ಕೊಡದೆ ನಾವು ಊರು ಬಿಡುವದಿಲ್ಲ.