ಗರ್ಭಕಂಠದ ಕ್ಯಾನ್ಸರ್: ಉಸ್ಮಾನಾಬಾದ್ ಕಲಿಸಿದ್ದು, ಕಲಬುರಗಿ ಕಲಿಯಬೇಕಾದದ್ದು



ಈ ದತ್ತಿ ಉಪನ್ಯಾಸಕ್ಕೆ ಯಾರ ಹೆಸರಿದೆಯೋ ಆ ತಾಯಿ ಚಿತ್ತಾಪುರ ಸೀಮೆಯ ಹಳ್ಳಿಗಳಲ್ಲಿ ನರ್ಸಬಾಯಿಯಾಗಿ ದುಡಿದವರು. ಅವರ ನೆನಪಿನಲ್ಲಿ ಮಾತಾಡಲು ನನ್ನನ್ನು ಕರೆದದ್ದು ದೊಡ್ಡ ಗೌರವ. ಪುಸ್ತಕಗಳಲ್ಲಿ ಸಿಗುವ ಪೀಠಿಕೆಯನ್ನು ಬೇಗ ಮುಗಿಸುತ್ತೇನೆ.

1970ರ ದಶಕದಲ್ಲಿ ಗರ್ಭಕಂಠದ ಕ್ಯಾನ್ಸರಿಗೆ ಹರ್ಪಿಸ್ ವೈರಾಣು ಕಾರಣವೆಂಬ ನಂಬಿಕೆ ಬಲವಾಗಿತ್ತು. ಜರ್ಮನಿಯ ಹೆರಾಲ್ಡ್ ಝುರ್ ಹೌಸೆನ್ ಗಡ್ಡೆಗಳಲ್ಲಿ ಅದರ ಡಿಎನ್‌ಎ ಹುಡುಕಿದರು, ಸಿಗಲಿಲ್ಲ. ಅವರ ಶಂಕೆ ನರಹುಲಿ ತರುವ ಪ್ಯಾಪಿಲೋಮಾ ವೈರಾಣುವಿನ ಬಳಗದ ಮೇಲಿತ್ತು. 1983ರಲ್ಲಿ ಅದರ 16ನೆಯ ಬಗೆಯನ್ನೂ ಮರುವರ್ಷ 18ನೆಯದನ್ನೂ ಗಡ್ಡೆಗಳಲ್ಲಿ ಕಂಡರು; 2008ರಲ್ಲಿ ನೊಬೆಲ್ ಬಂತು. ಜಗತ್ತಿನ ಗರ್ಭಕಂಠದ ಕ್ಯಾನ್ಸರಿನಲ್ಲಿ ನೂರಕ್ಕೆ ಸುಮಾರು 70 ಈ ಎರಡರಿಂದಲೇ. ಲಸಿಕೆ ಬಂದಿದೆ, ನಮ್ಮ ದೇಶದ್ದೇ ಆದ ಸರ್ವಾವ್ಯಾಕ್‌ಗೆ 2022ರಲ್ಲಿ ಒಪ್ಪಿಗೆ ಸಿಕ್ಕಿತು. ಅದು ಹುಡುಗಿಯರನ್ನು ಕಾಯುತ್ತದೆ. ತೊಗರಿ ಹೊಲದಲ್ಲಿ, ಕಲ್ಲಿನ ಗಣಿಯಲ್ಲಿ ದುಡಿಯುವ ಅವರ ತಾಯಂದಿರಿಗೆ ಬೇಕಾದದ್ದು ಪರೀಕ್ಷೆ.

ಯಾವ ಪರೀಕ್ಷೆ ಎಂಬಲ್ಲಿ ನನ್ನ ತಕರಾರು ಶುರುವಾಗುತ್ತದೆ. ಸರ್ಕಾರದ 2016ರ ಮಾರ್ಗಸೂಚಿ ಹೇಳುವುದು ಸಿರ್ಕಾ ಪರೀಕ್ಷೆ: ಗರ್ಭಕಂಠಕ್ಕೆ ತೆಳು ಅಸಿಟಿಕ್ ಆಮ್ಲ ಹಚ್ಚಿ, ಬೆಳ್ಳಗಾದ ಜಾಗವನ್ನು ಬರಿಗಣ್ಣಿನಿಂದ ನೋಡುವುದು. ಅಗ್ಗ, ಫಲಿತಾಂಶ ಅಲ್ಲೇ ಸಿಗುತ್ತದೆ, ಹಳ್ಳಿಗೆ ಇಷ್ಟು ಸಾಕು ಎಂಬುದು ಅದರ ಪರವಾಗಿರುವವರ ವಾದ.

ನಮ್ಮ ಗಡಿಗೆ ಹತ್ತಿದ, ನಮ್ಮಂತೆಯೇ ನಿಜಾಮರ ಆಳ್ವಿಕೆ ಕಂಡ ಮಹಾರಾಷ್ಟ್ರದ ಉಸ್ಮಾನಾಬಾದ್ ಇದಕ್ಕೆ ಉತ್ತರ ಕೊಟ್ಟಿದೆ. 1999ರಲ್ಲಿ ಕ್ಯಾನ್ಸರ್ ಸಂಶೋಧಕ ಶಂಕರನಾರಾಯಣನ್ ಮತ್ತು ಸಂಗಡಿಗರು ಅಲ್ಲಿ 30ರಿಂದ 59 ವಯಸ್ಸಿನ 1,31,746 ಹೆಂಗಸರನ್ನು ನಾಲ್ಕು ಗುಂಪು ಮಾಡಿದರು. 2009ರಲ್ಲಿ ಲೆಕ್ಕ ಬಂತು; ಮೂರು ಗುಂಪುಗಳದ್ದನ್ನು ಇಲ್ಲಿ ಹೇಳುತ್ತೇನೆ. ಪ್ಯಾಪಿಲೋಮಾ ವೈರಾಣು ಇದೆಯೇ ಎಂದು ನೋಡುವ ಪರೀಕ್ಷೆಗೆ ಒಮ್ಮೆ ಕರೆದ 34,126 ಮಂದಿಯಲ್ಲಿ ಈ ಕ್ಯಾನ್ಸರಿನಿಂದ ಸತ್ತವರು 34. ಸಿರ್ಕಾ ಗುಂಪಿನ 34,074ರಲ್ಲಿ 56. ಯಾವ ತಪಾಸಣೆಗೂ ಕರೆಯದೆ ಬಿಟ್ಟಿದ್ದ 31,488ರಲ್ಲಿ 64. ಆ ಕೊನೆಯ ಗುಂಪನ್ನು ಹಾಗೆ ಬಿಟ್ಟದ್ದು ನ್ಯಾಯವೇ ಎಂದು ಕೇಳಿದವರಿದ್ದಾರೆ, ಕೇಳಬೇಕಾದ ಪ್ರಶ್ನೆಯೇ. ಅಂಥ ಬೆಲೆ ತೆತ್ತು ಬಂದ ತಿಳಿವಳಿಕೆಯನ್ನು ಕಪಾಟಿನಲ್ಲಿ ಇಡುವುದು ಇನ್ನೂ ದೊಡ್ಡ ಅನ್ಯಾಯ.

ಎದುರು ಪಕ್ಷದವರು ದಿಂಡಿಗಲ್ ಮತ್ತು ಮುಂಬೈಯ ಅಧ್ಯಯನಗಳನ್ನು ಮುಂದಿಡುತ್ತಾರೆ. ಸಿರ್ಕಾ ಪರೀಕ್ಷೆ ಸಾವನ್ನು ದಿಂಡಿಗಲ್‌ನಲ್ಲಿ ಶೇ. 35, ಮುಂಬೈಯಲ್ಲಿ ಶೇ. 31 ತಗ್ಗಿಸಿದ್ದು ನಿಜ. ಆದರೆ ಮುಂಬೈಯಲ್ಲಿ ಎರಡು ವರ್ಷಕ್ಕೊಮ್ಮೆ, ನಾಲ್ಕು ಸುತ್ತು ನೋಡಿದ್ದರು. ಚಿಂಚೋಳಿಯ ತಾಂಡಾಗಳಿಗೆ ಹಾಗೆ ಮತ್ತೆ ಮತ್ತೆ ಯಾರು ಹೋಗುತ್ತಾರೆ? ಮೇಲಾಗಿ ಬೆಳ್ಳಗೆ ಕಂಡದ್ದೆಲ್ಲ ರೋಗವಲ್ಲ. ಬರೀ ಉರಿಯೂತವೂ ಹಾಗೆ ಕಾಣಬಹುದು. ತೀರ್ಪು ನೋಡುವವರ ಕಣ್ಣಿನದು.

ಆ ಕಣ್ಣನ್ನು ಈ ಜಿಲ್ಲೆ ಸುಮ್ಮನೆ ನಂಬಲಾರದು. ಬಿಳಿ ಹೋಗುತ್ತದೆ, ಹೊಟ್ಟೆನೋವು ಎಂದು ಹೋದ ದಲಿತ, ಲಂಬಾಣಿ ಹೆಂಗಸರಿಗೆ ಕ್ಯಾನ್ಸರಿನ ಭಯ ಹಾಕಿ ಗರ್ಭಚೀಲ ತೆಗೆದ ಪ್ರಕರಣಗಳು 2015ರ ಹೊತ್ತಿಗೆ ಕಲಬುರಗಿಯಲ್ಲಿ ಬಯಲಾದವು. ನನ್ನ ವಾದದ ತಿರುಳು ಇಲ್ಲಿದೆ. ಉಸ್ಮಾನಾಬಾದಿನಲ್ಲಿ ವೈರಾಣು ಇಲ್ಲವೆಂದು ಬಂದವರಲ್ಲಿ ಎಂಟು ವರ್ಷ ಈ ಕ್ಯಾನ್ಸರಿನಿಂದ ಒಬ್ಬರೂ ಸಾಯಲಿಲ್ಲ. ಹಾಗಾದರೆ ವೈರಾಣು ಇಲ್ಲವೆಂಬ ಚೀಟಿ ಬಡ ಹೆಂಗಸಿನ ಕೈಯಲ್ಲಿ ಒಂದು ಅಸ್ತ್ರ. ಕ್ಯಾನ್ಸರ್ ಆದೀತು, ಚೀಲ ತೆಗೆಸು ಎಂದವರಿಗೆ ಅದನ್ನು ತೋರಿಸಿ ಎದ್ದು ಬರಬಹುದು. ಈ ದತ್ತಿಯ ತಾಯಿ ಇದ್ದಿದ್ದರೆ ಆ ಚೀಟಿಯನ್ನು ತಾವೇ ಮನೆಮನೆಗೆ ಒಯ್ಯುತ್ತಿದ್ದರು ಎಂದು ಅವರ ಮನೆಯವರ ಮಾತು ಕೇಳಿದ ಮೇಲೆ ನನಗೆ ಅನ್ನಿಸಿದೆ.

ವೈರಾಣು ಪರೀಕ್ಷೆಗೆ ಪ್ರಯೋಗಾಲಯ ಎಲ್ಲಿದೆ ಎನ್ನುತ್ತಾರೆ. 2020ರ ಮಾರ್ಚಿನಲ್ಲಿ ದೇಶದ ಮೊದಲ ಕೋವಿಡ್ ಸಾವು ಕಂಡದ್ದು ಕಲಬುರಗಿ. ಆಮೇಲೆ ಪಿಸಿಆರ್ ಪರೀಕ್ಷೆ ಇಲ್ಲಿಯೇ ನಡೆಯತೊಡಗಿತು. ಪ್ಯಾಪಿಲೋಮಾ ವೈರಾಣುವನ್ನು ಹುಡುಕುವುದೂ ಅದೇ ವಿದ್ಯೆಯಿಂದ. ಪರದೆಯ ಹಿಂದೆ ಹೆಣ್ಣುಮಗಳು ತಾನೇ ಮಾದರಿ ತೆಗೆದುಕೊಡಬಹುದು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಒಪ್ಪಿದೆ.

ಇನ್ನು ವೈರಾಣು ಇದೆಯೆಂದು ಬಂದವರು. ಹೆಚ್ಚಿನವರಲ್ಲಿ ಅದು ಒಂದೆರಡು ವರ್ಷದಲ್ಲಿ ತಾನಾಗಿ ಹೋಗುತ್ತದೆ. ಇದೆ ಎಂದರೆ ಕ್ಯಾನ್ಸರ್ ಎಂದಲ್ಲ. ಇಷ್ಟು ಜನರ ಗರ್ಭಕಂಠವನ್ನು ಮಾತ್ರ ಚೆನ್ನಾಗಿ ನೋಡಬೇಕು. ಕೆಟ್ಟ ಭಾಗ ಸಣ್ಣದಾಗಿ ಕಂಡರೆ ಅಷ್ಟನ್ನು ಮಾತ್ರ ಶಾಖ ಕೊಟ್ಟು ಸುಡಬೇಕು. ಅದು ಕೆಲವೇ ನಿಮಿಷದ ಕೆಲಸ, ಚಿತ್ತಾಪುರದ ತಾಲ್ಲೂಕು ಆಸ್ಪತ್ರೆಯಲ್ಲೇ ಆಗುವಂಥದ್ದು, ಗರ್ಭಚೀಲ ಮುಟ್ಟಬೇಕಾಗಿಲ್ಲ.