ನೀರು ಇಳಿದ ಮೇಲೆ

ಕಳೆದ ಚಳಿಗಾಲದಲ್ಲಿ ನಾವು ಮೂವರು ಗೆಳೆಯರು ಕಾರವಾರಕ್ಕೆ ಹೋಗಿದ್ದೆವು. ನಾನು ಗೋಕಾಕದವನು, ಒಬ್ಬ ಮೂಡಲಗಿಯವನು, ಇನ್ನೊಬ್ಬ ಹುಕ್ಕೇರಿ ಕಡೆಯವನು. ನನ್ನ ಚೀಲದಲ್ಲಿ ಕರದಂಟು, ಮೂಡಲಗಿಯವನ ಗಂಟಿನಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ. ಹುಕ್ಕೇರಿಯವನು ಮಾತ್ರ ಬರಿಗೈಯಲ್ಲಿ ಬಂದಿದ್ದ. ಕೇಳಿದರೆ, "ಹೊಟ್ಟಿ ತಂದೀನಲ್ಲೋ" ಅಂದ.

ಕಾಳಿ ನದಿ ಕಡಲು ಸೇರುವಲ್ಲಿ ದೋಣಿ ಹತ್ತಿದೆವು. ಲೈಫ್ ಜಾಕೆಟ್ಟಿನ ಪಟ್ಟಿ ನನ್ನ ಹೊಟ್ಟೆ ಸುತ್ತಿ ಬರಲೊಲ್ಲದು. ಮೂವರೂ ಬೆನ್ನಿಗೆ ಸೋರೆ ಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವರೇ. ಆದರೂ ದೋಣಿ ಅಳಿವೆ ದಾಟಿ ತೆರೆಯ ಮೇಲೆ ಎದ್ದಾಗ ಮೂಡಲಗಿಯವನು ನನ್ನ ತೋಳು ಹಿಡಿದ: "ಬಾವ್ಯಾಗ ನಾಕು ಕೈ ಹಾಕಿದ್ರ ಕಟ್ಟಿ ಸಿಗತೈತಿ. ಇಲ್ಲಿ ಕಟ್ಟೀನ ಇಲ್ಲಲ್ಲಪಾ!"

ಕಾಳಿಯದು ನೇರ ಸ್ವಭಾವ. ಜೋಯಿಡಾ ತಾಲೂಕಿನ ಡಿಗ್ಗಿಯಲ್ಲಿ ಹುಟ್ಟಿ, 184 ಕಿಲೋಮೀಟರ್ ಹರಿದು, ಒಂದೇ ಜಿಲ್ಲೆಯೊಳಗೆ ಕಡಲು ಮುಟ್ಟುತ್ತದೆ. ನಮ್ಮ ಘಟಪ್ರಭೆಯ ತವರೂ ಅದೇ ಸಹ್ಯಾದ್ರಿ. ಆದರೆ ಹಿತ್ತಲಲ್ಲೇ ಇರುವ ಸಮುದ್ರಕ್ಕೆ ಬೆನ್ನು ಹಾಕಿ ಮೂಡಲಿಗೆ ಹೊರಡುತ್ತದೆ. ಗೋಕಾಕದಲ್ಲಿ 52 ಮೀಟರ್ ಧುಮುಕಿ, ಚಿಕ್ಕಸಂಗಮದಲ್ಲಿ ಕೃಷ್ಣೆಯ ಕೈ ಹಿಡಿದು, ಬಂಗಾಳ ಕೊಲ್ಲಿಯ ದೂರದ ದಾರಿ ಹಿಡಿಯುತ್ತದೆ. ಹೀಗಾಗಿ ನಮ್ಮ ಮಂದಿ ಸಮುದ್ರ ನೋಡಬೇಕೆಂದರೆ ನಮ್ಮ ಹೊಳೆಯ ಎದುರು ದಿಕ್ಕಿಗೇ ಹೋಗಬೇಕು.

ಕುರುಮಗಡ ದ್ವೀಪದ ಹತ್ತಿರ ದೋಣಿಯವನು ಎಂಜಿನ್ ನಿಲ್ಲಿಸಿದ. ಡಾಲ್ಫಿನ್ ಕಾಣಬಹುದು, ಸುಮ್ಮನೆ ಕೂತಿರಿ ಅಂದ. ಎರಡು ಬೆನ್ನು ಕಂಡವು, ಮುಳುಗಿದವು. ಅವು ಮುಳುಗಿದ ಜಾಗವನ್ನೇ ನೋಡುತ್ತ ಹುಕ್ಕೇರಿಯವನು ಮೆಲ್ಲಗೆ ಹೇಳಿದ: "ನಮ್ಮ ಅಜ್ಜನ ಮನೀನೂ ನೀರಾಗ ಐತಿ."

ಹಿಡಕಲ್ ಜಲಾಶಯದ ಮಾತು ಅದು. ಘಟಪ್ರಭೆಗೆ ಕಟ್ಟಿದ, ರಾಜಾ ಲಖಮಗೌಡರ ಹೆಸರಿನ ಅಣೆಕಟ್ಟು. ಹಿಡಿಯುವುದು 51 ಟಿಎಂಸಿ ನೀರು. ನಮ್ಮ ಕಡೆ ಅದು ಎಷ್ಟು ತುಂಬಿತು ಅಂತ ಮಳೆಗಾಲದಲ್ಲಿ ದಿನಾ ಕೇಳುತ್ತೇವೆ. ಯಾವ ಊರ ಮೇಲೆ ತುಂಬಿತು ಅಂತ ನಾನಂತೂ ಎಂದೂ ಕೇಳಿರಲಿಲ್ಲ. ಹುಕ್ಕೇರಿಯವನ ಜೊತೆ ಮೂವತ್ತು ವರ್ಷದ ಗೆಳೆತನ. ಒಬ್ಬರ ಊರಿಗೆ ಒಬ್ಬರು ಹೋದದ್ದು ಮದುವೆಗೆ, ಇಲ್ಲವೇ ಮಣ್ಣಿಗೆ. ಸುಮ್ಮನೆ ಹೋದದ್ದು ನೆನಪಿಲ್ಲ.

ಮೂಡಲಗಿಯವನು ಬಹಳ ಹೊತ್ತು ಮಾತಾಡಲಿಲ್ಲ. ಅವನ ಕಬ್ಬು ಬೆಳೆದದ್ದು ಆ ಜಲಾಶಯದ ಕಾಲುವೆಯ ನೀರು ಕುಡಿದೇ. ಆಮೇಲೆ ಗಂಟು ಬಿಚ್ಚಿ, ಮೊದಲ ರೊಟ್ಟಿ ಮುರಿದು ಹುಕ್ಕೇರಿಯವನ ಕೈಗಿಟ್ಟ.

ಮೇ ತಿಂಗಳಲ್ಲಿ ಹುಕ್ಕೇರಿಯಿಂದ ಫೋನು: "ಗುಡಿ ಕಂಡೈತಿ, ಬರ್ರಿ." ಹುನ್ನೂರಿನ ಹಳೆಯ ವಿಠ್ಠಲನ ಗುಡಿ ಅದು. ಮಳೆಗಾಲದಿಂದ ಹಿಡಕಲ್ ನೀರೊಳಗೆ ನಿಂತು, ಬೇಸಿಗೆಯಲ್ಲಿ ಹೊರಗೆ ಬರುತ್ತದೆ. ಹೋದೆವು. ಕಲ್ಲಿನ ಕಂಬಗಳ ಮೇಲೆ ಒಣಗಿದ ಕೆಸರು ಪದರಪದರವಾಗಿ ಹತ್ತಿತ್ತು. ಸುತ್ತ ಬಿರಿದ ನೆಲ. ಮಂದಿ ಕುಟುಂಬ ಸಮೇತ ಬಂದು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾವೂ ತೆಗೆಸಿಕೊಂಡೆವು, ಸುಳ್ಳು ಯಾಕೆ ಹೇಳಲಿ.

ಈ ಸಲ ಬುತ್ತಿ ತಂದವನು ಹುಕ್ಕೇರಿಯವನು. ಗುಡಿಯ ನೆರಳಲ್ಲಿ ಟವೆಲ್ ಹಾಸಿ, ಇನ್ನೂ ನೀರಿದ್ದ ಕಡೆ ಕೈ ತೋರಿಸಿದ. ಅಲ್ಲೊಂದು ಬೆಳ್ಳಕ್ಕಿ ನಿಂತಿತ್ತು. "ಅದರ ಬಲಕ್ಕ ನಮ್ಮ ದನದ ಕೊಟ್ಟಿಗಿ ಇತ್ತಂತ," ಅಂದ. ಬೆಳ್ಳಕ್ಕಿ ನಾಲ್ಕು ಹೆಜ್ಜೆ ಎಡಕ್ಕೆ ಸರಿಯಿತು. "ಈಗ ಸರಿ ಆತು," ಅಂದ ಮೂಡಲಗಿಯವನು, "ನಿಮ್ಮ ಅಂಗಳಕ್ಕ ಬಂತು ನೋಡು."